ನಕ್ಷತ್ರಗಳ ಅಳತೆ ಮತ್ತು ವರ್ಗೀಕರಣ

ನಕ್ಷತ್ರಗಳ ಸ್ಥಾನ, ಪ್ರಕಾಶ, ದೂರ, ಉಷ್ಣತೆ, ಗಾತ್ರ, ದ್ರವ್ಯರಾಶಿಗಳನ್ನು ಅಳೆಯುವುದು, ಆ ಅಳತೆಗಳ ಮೇಲೆ ಅವನ್ನು ವರ್ಗಗಳಾಗಿ ವಿಂಗಡಿಸುವುದು ಖಗೋಳವಿಜ್ಞಾನದ ಬುನಾದಿ ಕೆಲಸ. ನಕ್ಷತ್ರವನ್ನು ಮುಟ್ಟಿ ನೋಡುವಂತಿಲ್ಲ, ತುಣುಕು ತಂದು ಪ್ರಯೋಗಾಲಯದಲ್ಲಿ ಕಾಯಿಸುವಂತಿಲ್ಲ. ಅಲ್ಲಿಂದ ನಮಗೆ ಬಂದು ಸೇರುವುದು ಹೆಚ್ಚುಕಡಿಮೆ ಬೆಳಕು ಮಾತ್ರ. ಆ ಬೆಳಕನ್ನು ಕೇಳಬಹುದಾದ ಪ್ರಶ್ನೆಗಳು ಮೂರು: ಯಾವ ದಿಕ್ಕಿನಿಂದ ಬಂತು, ಎಷ್ಟು ಬಂತು, ಅದರಲ್ಲಿ ಯಾವ ಬಣ್ಣ ಎಷ್ಟಿದೆ. ಉಳಿದದ್ದೆಲ್ಲ ಈ ಮೂರರಿಂದ ಹಿಂಜಿ ತೆಗೆದದ್ದು. ಈ ಲೇಖನದ ಉದಾಹರಣೆಗಳು ಬೆಳಗಾವಿಯ ವಡಗಾವಿಯಿಂದ ಖಾನಾಪುರದವರೆಗಿನ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವ ಚುಕ್ಕಿಗಳು. ಈ ವಿಜ್ಞಾನದ ಕೆಲವು ಮುಖ್ಯ ಘಟ್ಟಗಳೂ ಇದೇ ದಕ್ಷಿಣದ ನೆಲದಲ್ಲಿ ನಡೆದಿವೆ.

ದಿಕ್ಕು

ನೇಕಾರರ ಮಗ್ಗಗಳಿಗೆ ಹೆಸರಾದ ವಡಗಾವಿ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿ 50 ಮಿನಿಟಿನ ಆಸುಪಾಸಿನಲ್ಲಿ. ಆದ್ದರಿಂದ ಇಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಷ್ಟೇ ಕಾಣುತ್ತದೆ. ರೋಹಿಣಿಯಾದರೋ ನೆತ್ತಿಯನ್ನೇ ಹಾಯುತ್ತದೆ. ಖಗೋಳದ ಸಮಭಾಜಕದಿಂದ ರೋಹಿಣಿಯ ಅಂತರ, ಅಂದರೆ ಅದರ ಕ್ರಾಂತಿ, ಉತ್ತರಕ್ಕೆ 16 ಡಿಗ್ರಿ 30 ಮಿನಿಟು. ಸಂಕ್ರಾಂತಿಯ ಹೊತ್ತಿಗೆ ರಾತ್ರಿ ಒಂಬತ್ತೂವರೆ ಸುಮಾರಿಗೆ ತಲೆಯೆತ್ತಿ ನೋಡಿದರೆ ಅದು ನಟ್ಟನಡು ನೆತ್ತಿಯಿಂದ ಒಂದು ಡಿಗ್ರಿಯೂ ಆಚೆಗಿರುವುದಿಲ್ಲ. ಮತ್ತೆರಡು ತಾಸು ಕಳೆಯುವಷ್ಟರಲ್ಲಿ ದಕ್ಷಿಣದಲ್ಲಿ ಅಗಸ್ತ್ಯ ತನ್ನ ಗರಿಷ್ಠ ಎತ್ತರಕ್ಕೆ ಬರುತ್ತದೆ. ಆ ಗರಿಷ್ಠವೂ 21 ಡಿಗ್ರಿ ಮಾತ್ರ.

ನಕ್ಷತ್ರದ ವಿಳಾಸವೆಂದರೆ ಎರಡು ಅಂಕಿ: ಕ್ರಾಂತಿ ಮತ್ತು ವಿಷುವದಂಶ. ಒಂದು ನೆಲದ ಅಕ್ಷಾಂಶದಂತೆ, ಇನ್ನೊಂದು ರೇಖಾಂಶದಂತೆ. ವಿಳಾಸ ಬರೆಯುವ ಪದ್ಧತಿ ಹಳೆಯದು. ಸೂರ್ಯಸಿದ್ಧಾಂತದಲ್ಲಿ ನಕ್ಷತ್ರಗಳ ಯೋಗತಾರೆಗಳಿಗೆ ಹೀಗೆ ಅಂಕಿಗಳಿವೆ. ಅಗಸ್ತ್ಯನ ದಕ್ಷಿಣ ವಿಕ್ಷೇಪ 80 ಡಿಗ್ರಿ, ಲುಬ್ಧಕನದು 40 ಎಂದು ಅದು ಹೇಳುತ್ತದೆ. ಸೂರ್ಯನ ಹಾದಿಯಿಂದ ಇವುಗಳ ಅಂತರ ಇಂದಿನ ಲೆಕ್ಕದಲ್ಲಿ ಸುಮಾರು 76 ಮತ್ತು 39.6 ಡಿಗ್ರಿ. ಅಳೆಯುವ ರೀತಿ ತುಸು ಬೇರೆ ಎಂಬುದನ್ನು ಗಮನಿಸಿದರೆ ಬರಿಗಣ್ಣಿನ ಕೆಲಸಕ್ಕೆ ಇದು ತಲೆದೂಗುವಂಥ ಫಲಿತಾಂಶ.

ಇಪ್ಪತ್ತೇಳು ನಕ್ಷತ್ರಗಳ ಪಟ್ಟಿಯನ್ನು ವರ್ಗೀಕರಣವೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಅವು ಚಂದ್ರನ ಹಾದಿಯ ಮೈಲಿಗಲ್ಲುಗಳು. ಒಂದು ಚುಕ್ಕಿ ಇನ್ನೊಂದಕ್ಕಿಂತ ಸ್ವಭಾವದಲ್ಲಿ ಹೇಗೆ ಬೇರೆ ಎಂಬ ಪ್ರಶ್ನೆ ಅಲ್ಲಿಲ್ಲ. ಬೆಳಗಾವಿ ಸೀಮೆಯ ಒಕ್ಕಲುತನದಲ್ಲಿ ಇದೇ ಪಟ್ಟಿ ಮಳೆಯ ಲೆಕ್ಕವಾಗಿ ಉಳಿದಿದೆ. ಮೇ ಕೊನೆಯ ವಾರ ರೋಹಿಣಿ ಮಳೆ, ಜೂನ್ ಮೊದಲ ವಾರ ದಾಟುತ್ತಲೇ ಮಿರಗ, ಜೂನ್ 22ರ ಹೊತ್ತಿಗೆ ಆರಿದ್ರಾ. ಮಿರಗ ಕೂಡಿತೆಂದರೆ ಸೂರ್ಯ ಮೃಗಶಿರಾ ನಕ್ಷತ್ರದ ಪಾಲಿಗೆ ಬಂದನೆಂದು ಅರ್ಥ. ಅಂದಮೇಲೆ ರೋಹಿಣಿ ಮಳೆ ಬೀಳುವ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವ ಮಾತೇ ಇಲ್ಲ, ಅದು ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ಮಿನಿಟು ಬೇಗ ಹುಟ್ಟುತ್ತ ಹೋಗುವುದರಿಂದ ಕೆಲವು ವಾರಗಳ ಮೇಲೆ ಮುಂಜಾವದಲ್ಲಿ ಮತ್ತೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಖಾನಾಪುರ ತಾಲೂಕಿನ ಕಣಕುಂಬಿಯ ಕಡೆ ಮುಗಿಲು ಹರಿಯುವುದೇ ಅಪರೂಪ.

ಪ್ರಕಾಶ

ಕ್ರಿಸ್ತಪೂರ್ವ ಎರಡನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸನ ಕಾಲದಿಂದ ಬಂದ ರೂಢಿಯಂತೆ ಅತಿ ಪ್ರಕಾಶದ ಚುಕ್ಕಿಗಳು ಒಂದನೇ ದರ್ಜೆ, ಕಣ್ಣಿಗೆ ಕಷ್ಟಪಟ್ಟು ಕಾಣುವವು ಆರನೇ ದರ್ಜೆ. ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂಕು. ಈ ತಲೆಕೆಳಗಾದ ಲೆಕ್ಕವನ್ನು ಯಾರೂ ಕೈಬಿಡಲಿಲ್ಲ, ಗಣಿತಕ್ಕೆ ಒಗ್ಗಿಸಿಕೊಂಡರು ಅಷ್ಟೆ. ಒಗ್ಗಿಸಿದವರು ನಾರ್ಮನ್ ಪಾಗ್ಸನ್. ಐದು ದರ್ಜೆಯ ಅಂತರವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ಅಂತರ, ಅಂದರೆ ಒಂದು ದರ್ಜೆಗೆ 2.512 ಪಟ್ಟು, ಎಂದು 1856ರಲ್ಲಿ ಅವರು ಸೂಚಿಸಿದ ಅಳತೆಗೋಲೇ ಇಂದಿಗೂ ಬಳಕೆಯಲ್ಲಿದೆ. ಇದನ್ನು ಕನ್ನಡದಲ್ಲಿ ಕಾಂತಿಮಾನ ಎನ್ನುತ್ತಾರೆ. ಲುಬ್ಧಕ ಋಣ 1.46, ಅಗಸ್ತ್ಯ ಋಣ 0.74, ರೋಹಿಣಿ ಸುಮಾರು 0.87.

ಪಾಗ್ಸನ್ 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಸರ್ಕಾರಿ ಖಗೋಳಜ್ಞರಾಗಿ ಬಂದು 1891ರಲ್ಲಿ ಸಾಯುವವರೆಗೂ ಅಲ್ಲೇ ದುಡಿದರು. ಅದಾಗಲೇ ಅಲ್ಲಿ ಟಿ.ಜಿ. ಟೇಲರ್ 11,015 ನಕ್ಷತ್ರಗಳ ಪಟ್ಟಿ ತಯಾರಿಸಿ 1844ರಲ್ಲಿ ಹೊರತಂದಿದ್ದರು. ಪಾಗ್ಸನ್‌ರ ಸಹಾಯಕ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ‘ಆರ್ ರೆಟಿಕ್ಯುಲಿ’ ಎಂಬ ತಾರೆಯ ಬೆಳಕು ಏರಿಳಿಯುವುದನ್ನು ಕಂಡುಹಿಡಿದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಅಚ್ಚಾಯಿತು. ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದೇ ಸಂಸ್ಥೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆಯಾಗಿ, ಕೊನೆಗೆ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯೂರಿತು. ಪಾಗ್ಸನ್ ಕುಳಿತ ಪೀಠದ ವಾರಸುದಾರರು ಈಗ ಕರ್ನಾಟಕದಲ್ಲಿದ್ದಾರೆ ಎನ್ನಲು ಅಡ್ಡಿಯಿಲ್ಲ.

ಪ್ರಕಾಶ ಅಳೆಯುವಾಗ ಗಾಳಿಯನ್ನು ಮರೆಯುವಂತಿಲ್ಲ. ವಡಗಾವಿಯಿಂದ ನೋಡಿದಾಗ ಅಗಸ್ತ್ಯನ ಬೆಳಕು ನೆತ್ತಿಯ ರೋಹಿಣಿಯ ಬೆಳಕಿಗಿಂತ ಎರಡೂಮುಕ್ಕಾಲು ಪಟ್ಟು ಗಾಳಿಯನ್ನು ದಾಟಿ ಬರಬೇಕು. ಅಲ್ಲೇ ಅರ್ಧ ದರ್ಜೆಯಷ್ಟು ಕಾಂತಿ ಹೋಗಿರುತ್ತದೆ. ವೃತ್ತಿಪರ ವೀಕ್ಷಕರು ಕಾಂತಿಮಾನ ಮೊದಲೇ ಗೊತ್ತಿರುವ ತಾರೆಗಳನ್ನು ಅದೇ ರಾತ್ರಿ ಬೇರೆ ಬೇರೆ ಎತ್ತರದಲ್ಲಿ ಅಳೆದು ಈ ನಷ್ಟವನ್ನು ಲೆಕ್ಕಹಾಕಿ ಸರಿಪಡಿಸುತ್ತಾರೆ. ನಂತರ ನೀಲಿ ಶೋಧಕದಲ್ಲಿ ಒಮ್ಮೆ, ಹಸಿರು-ಹಳದಿ ಶೋಧಕದಲ್ಲಿ ಒಮ್ಮೆ ಅಳೆದು ಎರಡರ ವ್ಯತ್ಯಾಸ ತೆಗೆದರೆ ‘ಬಣ್ಣ’ ಒಂದು ಸಂಖ್ಯೆಯಾಗಿ ಸಿಗುತ್ತದೆ.

ದೂರ

ಕಾಣುವ ಪ್ರಕಾಶದಿಂದ ನಿಜವಾದ ಪ್ರಕಾಶಕ್ಕೆ ಹೋಗಬೇಕಾದರೆ ದೂರ ಗೊತ್ತಿರಬೇಕು. ಭೂಮಿ ಸೂರ್ಯನ ಸುತ್ತ ಅರ್ಧ ಸುತ್ತು ಹಾಕುವಷ್ಟರಲ್ಲಿ ಹತ್ತಿರದ ತಾರೆ ದೂರದವುಗಳ ಹಿನ್ನೆಲೆಯಲ್ಲಿ ತುಸು ಸರಿದಂತೆ ಕಾಣುತ್ತದೆ. ಈ ಸರಿತದ ಅರ್ಧವೇ ಲಂಬನ. 1838ರಲ್ಲಿ ಬೆಸೆಲ್ ‘61 ಸಿಗ್ನಿ’ ತಾರೆಗೆ ಮೊದಲ ನಂಬಲರ್ಹ ಲಂಬನವನ್ನು ಪ್ರಕಟಿಸಿದರು: 0.314 ಕೋನ ಸೆಕೆಂಡು. ಈ ಅಳತೆಯ ಸೂಕ್ಷ್ಮ ತಿಳಿಯಬೇಕಾದರೆ ವಡಗಾವಿಯ ಮಗ್ಗದಿಂದ 1 ಮಿಲಿಮೀಟರ್ ದಪ್ಪದ ದಾರವೊಂದನ್ನು ತೆಗೆದು 206 ಮೀಟರ್ ದೂರದಲ್ಲಿ ಹಿಡಿಯಿರಿ. ಅದರ ದಪ್ಪ ಕಣ್ಣಿಗೆ ಮಾಡುವ ಕೋನ ಒಂದು ಸೆಕೆಂಡು. ಬೆಸೆಲ್ ಅಳೆದದ್ದು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. 2013ರ ಡಿಸೆಂಬರಿನಲ್ಲಿ ಹಾರಿಬಿಟ್ಟ ಯುರೋಪಿನ ಗಾಯಾ ಉಪಗ್ರಹಕ್ಕೆ ಅದೇ ದಾರವನ್ನು ಹತ್ತು ಸಾವಿರ ಕಿಲೋಮೀಟರ್ ಆಚೆ ಹಿಡಿದರೂ ದಪ್ಪ ಹೇಳುವ ಶಕ್ತಿಯಿತ್ತು. 2022ರ ಜೂನ್‌ನಲ್ಲಿ ಬಂದ ಅದರ ಮೂರನೇ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕರಗಳಿವೆ. ಗಾಯಾ ತನ್ನ ವೀಕ್ಷಣೆಯನ್ನು 2025ರ ಜನವರಿಯಲ್ಲಿ ಮುಗಿಸಿತು, ದತ್ತಾಂಶದ ಕೆಲಸ ಇನ್ನೂ ಸಾಗಿದೆ.

ಲಂಬನ ಒಂದು ಸೆಕೆಂಡು ಇದ್ದರೆ ದೂರ ಒಂದು ಪಾರ್ಸೆಕ್, ಅಂದರೆ 3.26 ಜ್ಯೋತಿರ್ವರ್ಷ. ಅಷ್ಟು ಹತ್ತಿರ ಯಾವ ತಾರೆಯೂ ಇಲ್ಲ. ಬೇಸಿಗೆಯ ರಾತ್ರಿಗಳಲ್ಲಿ ಖಾನಾಪುರದ ದಕ್ಷಿಣಕ್ಕೆ, ದಿಗಂತದಿಂದ 13 ಡಿಗ್ರಿಯಷ್ಟು ಮೇಲೆ ಬರುವ ಆಲ್ಫಾ ಸೆಂಟಾರಿ 4.37 ಜ್ಯೋತಿರ್ವರ್ಷ ದೂರದಲ್ಲಿದೆ. ಲುಬ್ಧಕ 8.6, ಸ್ವಾತಿ 37, ರೋಹಿಣಿ 65, ಚಿತ್ರಾ ಸುಮಾರು 250, ಅಗಸ್ತ್ಯ ಸುಮಾರು 310. ಲಂಬನ ಕೈಕೊಡುವಷ್ಟು ದೂರ ಹೋದಮೇಲೆ ಬೆಳಕು ಏರಿಳಿಯುವ ಸೆಫೀಡ್ ತಾರೆಗಳು ನೆರವಿಗೆ ಬರುತ್ತವೆ. ಏರಿಳಿತದ ಅವಧಿ ಉದ್ದವಾದಷ್ಟೂ ನಿಜ ಪ್ರಕಾಶ ಹೆಚ್ಚು ಎಂಬ ಅವುಗಳ ನಿಯಮವನ್ನು 1912ರಲ್ಲಿ ಖಚಿತಪಡಿಸಿದವರು ಹೆನ್ರಿಯೆಟಾ ಲೆವಿಟ್.

ಜಮಖಂಡಿಯ ಮೂರು ಗೆರೆಗಳು

ಬೆಳಕನ್ನು ಬಣ್ಣಗಳಾಗಿ ಹರಡಿ ಓದುವ ರೋಹಿತದರ್ಶನ ಬಂದಮೇಲೆ ನಕ್ಷತ್ರ ವಿಜ್ಞಾನದ ದೆಸೆಯೇ ಬದಲಾಯಿತು. ಅದರ ಕಥೆಯ ಒಂದು ಪುಟ ಬೆಳಗಾವಿಗೆ ಬಲು ಹತ್ತಿರದಲ್ಲಿ ಬರೆಯಲ್ಪಟ್ಟಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ಪಟ್ಟಿ ವಿಜಯಪುರ, ಜಮಖಂಡಿ ಸೀಮೆಯ ಮೇಲೆ ಹಾದು ಗುಂಟೂರಿನ ಕಡೆಗೆ ಹೋಗಿತ್ತು. ಮಹಾ ತ್ರಿಕೋನಮಿತಿ ಸರ್ವೇಯಲ್ಲಿದ್ದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿಕೊಟ್ಟ ಉಪಕರಣಗಳೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಈತ. ವಡಗಾವಿಯಿಂದ ಜಮಖಂಡಿ ನೇರ ಅಳತೆಯಲ್ಲಿ 110 ಕಿ.ಮೀ. ಆಸುಪಾಸು.

ಶ್ರಾವಣದ ಹೊತ್ತಿನ ಮೋಡ ಸುಮ್ಮನೆ ಬಿಡಲಿಲ್ಲ. ಸೂರ್ಯ ಮರೆಯಾಗುವುದೂ ಇಣುಕುವುದೂ ನಡೆದೇ ಇತ್ತು. ಸಿಕ್ಕ ಬಿಡುವಿನಲ್ಲಿ ಹರ್ಷೆಲ್ ಸೂರ್ಯನ ಅಂಚಿನಿಂದ ಚಾಚಿದ ಕೆಂಪು ಜ್ವಾಲೆಯೊಂದರ ಮೇಲೆ ರೋಹಿತದರ್ಶಕವನ್ನು ತಿರುಗಿಸಿದರು. ಕಂಡದ್ದು ಮೂರು ಉಜ್ಜ್ವಲ ಗೆರೆಗಳು: ಕೆಂಪು, ಕಿತ್ತಳೆ, ನೀಲಿ. ಬಿಡಿ ಗೆರೆಗಳು ಕಂಡವೆಂದರೆ ಆ ಜ್ವಾಲೆ ಕಾದ ಅನಿಲ. ಕೆಂಪು, ನೀಲಿ ಗೆರೆಗಳು ಜಲಜನಕದವು. ಕಿತ್ತಳೆಯದನ್ನು ಅವರು ಸೋಡಿಯಮ್ಮಿನ ‘ಡಿ’ ಗೆರೆಯೆಂದೇ ತಿಳಿದರು. ಅವರ ಉಪಕರಣಕ್ಕೆ ಆ ಎರಡರ ನಡುವಿನ ಚಿಕ್ಕ ವ್ಯತ್ಯಾಸ ನಿಲುಕುವಂತಿರಲಿಲ್ಲ. ಅದೇ ದಿನ ಗುಂಟೂರಿನಲ್ಲಿದ್ದ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಆ ಗೆರೆಗಳನ್ನು ಗ್ರಹಣವಿಲ್ಲದೆಯೂ ನೋಡಬಹುದೆಂದು ಮನಗಂಡರು. ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಕಿತ್ತಳೆ ಗೆರೆಯ ಜಾಗ ಸೋಡಿಯಮ್ಮಿನದಲ್ಲ ಎಂದು ಅಳೆದು ತೋರಿಸಿದರು. ಅದು ಹೊಸ ಧಾತು, ಹೀಲಿಯಂ. ಭೂಮಿಯ ಮೇಲೆ ರ‍್ಯಾಮ್ಸೆ ಅದನ್ನು ಹಿಡಿದದ್ದು 1895ರಲ್ಲಿ.

ನಕ್ಷತ್ರ ವರ್ಗೀಕರಣಕ್ಕೆ ಇದರ ನಂಟು ನೇರವಾದದ್ದು. ‘ಬಿ’ ವರ್ಗದ ತಾರೆಯನ್ನು ಗುರುತಿಸುವುದೇ ಹೀಲಿಯಮ್ಮಿನ ಗೆರೆಗಳಿಂದ. ಏಪ್ರಿಲ್-ಮೇ ರಾತ್ರಿಗಳಲ್ಲಿ ಎತ್ತರಕ್ಕೆ ಬರುವ ನೀಲಿ-ಬಿಳಿ ಚಿತ್ರಾ ನಕ್ಷತ್ರದ ರೋಹಿತದಲ್ಲಿ ಅದೇ ಧಾತುವಿನ ಗೆರೆಗಳು ಕಪ್ಪಾಗಿ ಮೂಡಿವೆ.

ಒ, ಬಿ, ಎ, ಎಫ್, ಜಿ, ಕೆ, ಎಂ

ಹಾರ್ವರ್ಡ್ ವೀಕ್ಷಣಾಲಯದಲ್ಲಿ ಮೊದಮೊದಲು ಜಲಜನಕದ ಗೆರೆಗಳ ದಪ್ಪ ನೋಡಿ ಎ, ಬಿ, ಸಿ ಎಂದು ಹೆಸರಿಟ್ಟಿದ್ದರು. ಆನಿ ಜಂಪ್ ಕ್ಯಾನನ್ ಬೇಡದ ಅಕ್ಷರಗಳನ್ನು ಕಿತ್ತುಹಾಕಿ ಉಳಿದವನ್ನು ಒ, ಬಿ, ಎ, ಎಫ್, ಜಿ, ಕೆ, ಎಂ ಎಂದು ಸಾಲುಗೂಡಿಸಿದರು. ಪ್ರತಿ ವರ್ಗವನ್ನೂ 0ಯಿಂದ 9ರವರೆಗೆ ಒಡೆದರು. ಗಾಜಿನ ಫಲಕಗಳ ಮೇಲಿನ ಬೆರಳುಗುರುತಿನಂಥ ಪಟ್ಟಿಗಳನ್ನು ಭೂತಗನ್ನಡಿಯಲ್ಲಿ ನೋಡಿ ಅವರು ವರ್ಗ ಹೇಳುತ್ತ ಹೋದರೆ ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳುತ್ತಿದ್ದರು. 1918ರಿಂದ 1924ರವರೆಗೆ ಹೊರಬಂದ ಹೆನ್ರಿ ಡ್ರೇಪರ್ ಪಟ್ಟಿಯಲ್ಲಿ 2,25,300 ತಾರೆಗಳಿವೆ.

ಸಾಲು ಸರಿಯಾಗಿತ್ತು, ಕಾರಣ ಗೊತ್ತಿರಲಿಲ್ಲ. ಅದನ್ನು ಹೇಳಿದವರು ಕಲಕತ್ತೆಯ ಮೇಘನಾದ ಸಾಹಾ. ಉಷ್ಣತೆ ಏರಿದಂತೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುವ ಪ್ರಮಾಣಕ್ಕೆ ಅವರು 1920ರಲ್ಲಿ ಕೊಟ್ಟ ಸಮೀಕರಣ ಗೆರೆಗಳ ಒಗಟನ್ನು ಬಿಡಿಸಿತು. ಒಂದು ತಾರೆಯಲ್ಲಿ ಕ್ಯಾಲ್ಸಿಯಂ ಗೆರೆ ದಪ್ಪಗಿದ್ದು ಇನ್ನೊಂದರಲ್ಲಿ ಇಲ್ಲವೆಂದರೆ ಅಲ್ಲಿ ಕ್ಯಾಲ್ಸಿಯಂ ಇಲ್ಲವೆಂದು ತಿಳಿಯಬಾರದು, ಉಷ್ಣತೆ ಬೇರೆ ಎಂದಷ್ಟೇ ಅರ್ಥ. 1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣವನ್ನು ಹಿಡಿದು ನಕ್ಷತ್ರಗಳೆಲ್ಲ ಬಹುಪಾಲು ಜಲಜನಕ, ಹೀಲಿಯಂಗಳಿಂದಲೇ ಆಗಿವೆ ಎಂದು ತೋರಿಸಿದರು. ದೊಡ್ಡವರು ಒಪ್ಪಲು ಕೆಲವು ವರ್ಷ ಹಿಡಿಯಿತು.

ಹೀಗೆ ಏಳು ಅಕ್ಷರಗಳು ನಿಜದಲ್ಲಿ ಒಂದು ಉಷ್ಣತಾಮಾಪಕ. ಒ ತಾರೆಗಳ ಮೇಲ್ಮೈ 30,000 ಕೆಲ್ವಿನ್‌ಗೂ ಹೆಚ್ಚು, ಎಂ ತಾರೆಗಳದು 3,700ಕ್ಕಿಂತ ಕಡಿಮೆ. ನಮ್ಮ ಸೂರ್ಯ 5,772 ಕೆಲ್ವಿನ್, ಜಿ2. ಚಳಿಗಾಲದ ವಡಗಾವಿ ಆಕಾಶದಲ್ಲಿ ಒಂದೇ ನೋಟಕ್ಕೆ ನಾಲ್ಕು ವರ್ಗ ಸಿಗುತ್ತವೆ: ರೈಗೆಲ್ ಬಿ8, ಲುಬ್ಧಕ ಎ1, ರೋಹಿಣಿ ಕೆ5, ಆರ್ದ್ರಾ ಎಂ ವರ್ಗದ ಆರಂಭದಲ್ಲಿ. ನೀಲಿಯಿಂದ ಕೆಂಪಿನವರೆಗಿನ ಈ ವ್ಯತ್ಯಾಸ ಬೀದಿದೀಪದ ನಡುವೆಯೂ ಕಣ್ಣಿಗೆ ತಿಳಿಯುತ್ತದೆ. ಎಂ ವರ್ಗಕ್ಕಿಂತ ತಣ್ಣಗಿನ ಕಂದು ಕುಬ್ಜಗಳಿಗೆ ಈಚೆಗೆ ಎಲ್, ಟಿ, ವೈ ಅಕ್ಷರಗಳು ಸೇರಿವೆ.

ಎರಡನೆಯ ಅಂಕಿ

ಉಷ್ಣತೆ ಒಂದೇ ಸಾಲದೆಂಬುದು ಹರ್ಟ್ಸ್‌ಸ್ಪ್ರಂಗ್ (1911) ಮತ್ತು ರಸೆಲ್ (1913) ಬರೆದ ನಕ್ಷೆಗಳಿಂದ ಸ್ಪಷ್ಟವಾಯಿತು. ಅಡ್ಡಕ್ಕೆ ಉಷ್ಣತೆ, ಉದ್ದಕ್ಕೆ ನಿಜ ಪ್ರಕಾಶ ಇಟ್ಟು ಚುಕ್ಕಿಯಿಟ್ಟರೆ ಹೆಚ್ಚಿನ ತಾರೆಗಳು ಕರ್ಣದಂಥ ಒಂದು ಪಟ್ಟಿಯಲ್ಲಿ ಬೀಳುತ್ತವೆ. ಇದು ಪ್ರಧಾನ ಶ್ರೇಣಿ. ಅದರ ಮೇಲೆ ದೈತ್ಯರು, ಇನ್ನೂ ಮೇಲೆ ಮಹಾದೈತ್ಯರು, ಕೆಳಗಿನ ಮೂಲೆಯಲ್ಲಿ ಶ್ವೇತ ಕುಬ್ಜಗಳು. ಒಂದೇ ಉಷ್ಣತೆಯ ಎರಡು ತಾರೆಗಳಲ್ಲಿ ಒಂದು ಇನ್ನೊಂದಕ್ಕಿಂತ ಸಾವಿರ ಪಟ್ಟು ಬೆಳಗುತ್ತಿದ್ದರೆ ಅದರ ಮೈ ಅಷ್ಟು ದೊಡ್ಡದು. 1943ರಲ್ಲಿ ಮಾರ್ಗನ್, ಕೀನನ್, ಕೆಲ್‌ಮನ್ ರೋಹಿತದ ಗೆರೆಗಳ ಸೊರಗು-ದಪ್ಪ ನೋಡಿ ರೋಮನ್ ಅಂಕಿಗಳನ್ನು ಜೋಡಿಸಿದರು: ಒಂದು ಮಹಾದೈತ್ಯ, ಮೂರು ದೈತ್ಯ, ಐದು ಪ್ರಧಾನ ಶ್ರೇಣಿ. ಸೂರ್ಯ ಜಿ2 ಐದು, ರೋಹಿಣಿ ಕೆ5 ಮೂರು, ಆರ್ದ್ರಾ ಒಂದನೇ ದರ್ಜೆಯ ಮಹಾದೈತ್ಯ.

ಈ ಎರಡನೆಯ ಅಂಕಿಗೆ ನಂಬಲರ್ಹ ಅಳತೆಗೋಲೊಂದನ್ನು ಕೊಟ್ಟವರಲ್ಲಿ ವೈನು ಬಾಪು (1927–1982) ಒಬ್ಬರು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಅಂಗಳದಲ್ಲಿ ಬೆಳೆದ ಹುಡುಗ. ಆಕಾಶದ ಅಂತರರಾಷ್ಟ್ರೀಯ ಚಿತ್ರಪಟ್ಟಿಗಾಗಿ ಏಳು ಲಕ್ಷಕ್ಕೂ ಮಿಕ್ಕಿ ತಾರೆಗಳ ಸ್ಥಾನ ಅಳೆದದ್ದು ಇದೇ ನಿಜಾಮಿಯಾ. ಬಾಪು ಅಮೆರಿಕದಲ್ಲಿ ಓಲಿನ್ ವಿಲ್ಸನ್ ಜೊತೆ ತಣ್ಣಗಿನ ತಾರೆಗಳ ಕ್ಯಾಲ್ಸಿಯಂ ‘ಕೆ’ ಗೆರೆಯನ್ನು ಪರೀಕ್ಷಿಸಿದರು. ಆ ಅಗಲವಾದ ಕಪ್ಪು ಗೆರೆಯ ನಟ್ಟನಡುವೆ ಸಣ್ಣದೊಂದು ಬೆಳಕಿನ ಗೆರೆ ಮೂಡಿರುತ್ತದೆ. ಅದರ ಅಗಲ ಹೆಚ್ಚಿದಷ್ಟೂ ತಾರೆಯ ನಿಜ ಪ್ರಕಾಶ ಹೆಚ್ಚು ಎಂದು 1957ರಲ್ಲಿ ಇಬ್ಬರೂ ಪ್ರಕಟಿಸಿದರು. ಹದಿನೈದು ಕಾಂತಿಮಾನಗಳಷ್ಟು ವಿಸ್ತಾರದಲ್ಲಿ ಈ ನಂಟು ನಿಲ್ಲುತ್ತದೆ. ರೋಹಿತದ ಒಂದೇ ಗೆರೆಯನ್ನು ಅಳೆದು ನಿಜ ಪ್ರಕಾಶವನ್ನೂ ಅದರಿಂದ ದೂರವನ್ನೂ ಪಡೆಯುವ ಈ ‘ವಿಲ್ಸನ್-ಬಾಪು ಪರಿಣಾಮ’ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅಗಲಕ್ಕೂ ಪ್ರಕಾಶಕ್ಕೂ ಇರುವ ಈ ಸಂಬಂಧದ ಹಿಂದಿನ ಭೌತಶಾಸ್ತ್ರ ಅಳತೆಯಷ್ಟು ಸರಳವಲ್ಲ.

ಗಾತ್ರ, ತೂಕ

ಚಂದ್ರನಿಗೆ ರೋಹಿಣಿಯ ಮೇಲೆ ಪ್ರೀತಿ ಹೆಚ್ಚೆಂಬ ಪುರಾಣವನ್ನು ಖಗೋಳಜ್ಞರು ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದಾರೆ ಎಂದರೆ ತಪ್ಪಾಗದು. ಚಂದ್ರನ ಹಾದಿ ಕೆಲವು ವರ್ಷಗಳ ಕಾಲ ಸತತವಾಗಿ ರೋಹಿಣಿಯ ಮೇಲೆಯೇ ಬೀಳುತ್ತದೆ; 2015ರಿಂದ 2018ರವರೆಗೆ ಭೂಮಿಯ ಒಂದಲ್ಲ ಒಂದು ಭಾಗದಿಂದ ತಿಂಗಳು ತಿಂಗಳೂ ಈ ಮರೆಮಾಡುವಿಕೆ ಕಂಡಿತ್ತು. ಕಣ್ಣಿಗೆ ಚುಕ್ಕಿ ಥಟ್ಟನೆ ಆರಿದಂತೆ ಕಾಣುತ್ತದೆ. ವೇಗದ ಉಪಕರಣದಲ್ಲಿ ನೋಡಿದರೆ ಆರುವುದಕ್ಕೂ ಸಮಯ ಬೇಕು. ಚಂದ್ರ ಆಕಾಶದಲ್ಲಿ ಒಂದು ಸೆಕೆಂಡಿಗೆ ಸುಮಾರು ಅರ್ಧ ಕೋನ ಸೆಕೆಂಡು ಸರಿಯುತ್ತಾನೆ. ರೋಹಿಣಿಯ ಬಿಂಬದ ಅಗಲ 0.02 ಕೋನ ಸೆಕೆಂಡು. ಆದ್ದರಿಂದ ಅದು ಪೂರ್ತಿ ಮರೆಯಾಗಲು ಸೆಕೆಂಡಿನ ನೂರನೇ ಭಾಗದ ನಾಲ್ಕರಷ್ಟು ಹೊತ್ತು ಹಿಡಿಯುತ್ತದೆ. ಈ ಕೋನಕ್ಕೆ 65 ಜ್ಯೋತಿರ್ವರ್ಷದ ದೂರವನ್ನು ಹೊಂದಿಸಿದರೆ ರೋಹಿಣಿಯ ವ್ಯಾಸ ಸೂರ್ಯನ ಸುಮಾರು 44 ಪಟ್ಟು ಎಂದು ಬರುತ್ತದೆ. ಆರ್ದ್ರಾದ ವ್ಯಾಸವನ್ನು ಮೈಕೆಲ್‌ಸನ್ ಮತ್ತು ಪೀಸ್ 1920ರ ಡಿಸೆಂಬರಿನಲ್ಲಿ ಬೇರೆ ಉಪಾಯದಿಂದ, ದೂರವಿಟ್ಟ ಎರಡು ಕನ್ನಡಿಗಳ ಬೆಳಕನ್ನು ಬೆರೆಸಿ, 0.047 ಕೋನ ಸೆಕೆಂಡೆಂದು ಅಳೆದರು. ಸೂರ್ಯನನ್ನು ಬಿಟ್ಟರೆ ಬೇರೆ ತಾರೆಯೊಂದರ ಗಾತ್ರವನ್ನು ಅಳೆದದ್ದು ಅದೇ ಮೊದಲು.

ತೂಕ ಸಿಗುವುದು ಜೋಡಿ ತಾರೆಗಳಲ್ಲಿ. ಲುಬ್ಧಕನೂ ಅದರ ಶ್ವೇತ ಕುಬ್ಜ ಜೊತೆಗಾರನೂ ಒಂದನ್ನೊಂದು ಸುತ್ತಲು 50 ವರ್ಷ ತೆಗೆದುಕೊಳ್ಳುತ್ತವೆ. ಕೆಪ್ಲರ್ ನಿಯಮದಿಂದ ಒಂದರದು ಸೂರ್ಯನ ಎರಡು ಪಟ್ಟು, ಇನ್ನೊಂದರದು ಸೂರ್ಯನಷ್ಟೇ ಎಂದು ಲೆಕ್ಕ ಬರುತ್ತದೆ. ಪ್ರಧಾನ ಶ್ರೇಣಿಯಲ್ಲಿ ದ್ರವ್ಯರಾಶಿ ಇಮ್ಮಡಿಸಿದರೆ ಪ್ರಕಾಶ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಭಾರದ ತಾರೆ ತನ್ನ ಇಂಧನವನ್ನು ಬೇಗ ಮುಗಿಸುವುದು ಇದರಿಂದಲೇ.

ಕರ್ನಾಟಕದಿಂದ ಇಂದು

ಸಹ್ಯಾದ್ರಿಯ ಮಳೆ, ತೇವದಿಂದಾಗಿ ಬೆಳಗಾವಿಯ ಕಡೆ ದೊಡ್ಡ ದೂರದರ್ಶಕ ಇಡಲು ಯಾರೂ ಬರಲಿಲ್ಲ. ಬಾಪು ಆರಿಸಿಕೊಂಡದ್ದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರು. 1972ರಲ್ಲಿ ಅಲ್ಲಿ 1 ಮೀಟರ್ ದೂರದರ್ಶಕ ಬಂತು; ಅವರ ಹೆಸರಿಟ್ಟ 2.34 ಮೀಟರ್ ದೂರದರ್ಶಕವನ್ನು 1986ರಲ್ಲಿ ಉದ್ಘಾಟಿಸಲಾಯಿತು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಬೆಂಗಳೂರಿನ ಹೊರವಲಯದ ಹೊಸಕೋಟೆಯ ಕೇಂದ್ರದಲ್ಲಿ ಕುಳಿತಿರುತ್ತಾರೆ, ನಡುವೆ ಉಪಗ್ರಹ ಸಂಪರ್ಕವಷ್ಟೆ. ಹಾನ್ಲೆಯ ಗಾಳಿ ಒಣಗಿದ್ದು, ಶುದ್ಧ. ಆದರೆ ಅಷ್ಟು ಉತ್ತರದಿಂದ ಅಗಸ್ತ್ಯ ದಿಗಂತಕ್ಕೆ ಅಂಟಿಕೊಂಡಂತಿರುತ್ತದೆ, ತ್ರಿಶಂಕು ಪುಂಜ ಮೇಲೇಳುವುದೇ ಇಲ್ಲ. ಖಾನಾಪುರದ ಹುಡುಗರಿಗೆ ಅದು ಬೇಸಿಗೆಯಲ್ಲಿ ಬರಿಗಣ್ಣಿಗೇ ಸಿಗುತ್ತದೆ.

2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದೂ ಹೊಸಕೋಟೆಯಲ್ಲೇ. ಎನ್‌ಜಿಸಿ 188 ಎಂಬ ಹಳೆಯ ಗುಚ್ಛದಲ್ಲಿ, ವಯಸ್ಸಿಗೆ ಒಪ್ಪದಷ್ಟು ನೀಲಿಯಾದ ತಾರೆಯೊಂದಕ್ಕೆ ಅಡಗಿಕೊಂಡ ಬಿಸಿ ಜೊತೆಗಾರನಿರುವುದನ್ನು ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಇದರಿಂದ 2016ರಲ್ಲಿ ತೋರಿಸಿದರು. ಬರಿಯ ಬಣ್ಣ ನೋಡಿ ವರ್ಗ ಹೇಳಿದರೆ ಹೇಗೆ ಮೋಸಹೋಗಬಹುದು ಎಂಬುದಕ್ಕೆ ಇದೊಂದು ಸಾಕ್ಷಿ. 2020ರಲ್ಲಿ ವೈ. ಭರತ್ ಕುಮಾರ್, ಈಶ್ವರ ರೆಡ್ಡಿ ಮತ್ತಿತರರು ಆಸ್ಟ್ರೇಲಿಯಾದ ರೋಹಿತ ಸಮೀಕ್ಷೆಯನ್ನೂ ಗಾಯಾ ಅಳತೆಗಳನ್ನೂ ಸೇರಿಸಿ, ಸೂರ್ಯನಂಥ ತಾರೆಗಳು ದೈತ್ಯರಾದ ಮೇಲೆ ಒಂದು ಘಟ್ಟದಲ್ಲಿ ಲಿಥಿಯಂ ತಯಾರಿಸುತ್ತವೆ ಎಂದು ಸಾಧಿಸಿದರು. ವರ್ಗಗಳ ಚೌಕಟ್ಟಿಗೆ ಹೊಂದದ ಜಲಜನಕ-ಕೊರತೆಯ ತಾರೆಗಳ ಮೇಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 87ನೇ ಗೋಷ್ಠಿ 1985ರ ನವೆಂಬರಿನಲ್ಲಿ ಮೈಸೂರಿನಲ್ಲಿ ನಡೆದಿತ್ತು; ಬೆಂಗಳೂರಿನ ಎನ್. ಕಾಮೇಶ್ವರ ರಾವ್ ಅದರ ಸಂಪಾದಕರಲ್ಲೊಬ್ಬರು. ನಕ್ಷತ್ರ ವಿಜ್ಞಾನವನ್ನು ಕನ್ನಡಕ್ಕೆ ತಂದವರಲ್ಲಿ ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣ ರಾವ್, ಬಿ.ಎಸ್. ಶೈಲಜಾ ಮುಖ್ಯರು.

ಕಣ್ಣಿನ ಆಯ್ಕೆ

ಬರಿಗಣ್ಣಿನ ಆಕಾಶ ನಕ್ಷತ್ರಲೋಕದ ಸರಿಯಾದ ಜನಗಣತಿ ಅಲ್ಲ. ಸೂರ್ಯನ ನೆರೆಯ ತಾರೆಗಳಲ್ಲಿ ನಾಲ್ಕರಲ್ಲಿ ಮೂರು ಎಂ ವರ್ಗದ ಕೆಂಪು ಕುಬ್ಜಗಳು. ಅವುಗಳಲ್ಲಿ ಒಂದಾದರೂ ಕಣ್ಣಿಗೆ ಕಾಣುವುದಿಲ್ಲ. ನಮಗೆ ಕಾಣುವವು ಹೆಚ್ಚಾಗಿ ದೂರದಿಂದಲೇ ಬೆಳಗುವ ಅಪರೂಪದ ಪ್ರಖರ ತಾರೆಗಳು.

ಆದರೂ ಕಣ್ಣಿನ ಅಳತೆಗೆ ಇಂದಿಗೂ ಬೆಲೆಯಿದೆ. ಆರ್ದ್ರಾದ ಕಾಂತಿ ಏರಿಳಿಯುತ್ತಿರುತ್ತದೆ. 2020ರ ಫೆಬ್ರುವರಿಯಲ್ಲಿ ಅದು 1.6ರವರೆಗೆ ಕುಗ್ಗಿ ರೋಹಿಣಿಗಿಂತ ಮಂಕಾಗಿತ್ತು. ಡಿಸೆಂಬರಿನಿಂದ ಮಾರ್ಚಿವರೆಗೆ ಖಾನಾಪುರದ ಕಾಡಂಚಿನಲ್ಲಿ, ಊರ ದೀಪಗಳು ಹಿಂದೆ ಬಿದ್ದ ಕಡೆ ನಿಂತು, ಆರ್ದ್ರಾವನ್ನು 0.87ರ ರೋಹಿಣಿಯೊಂದಿಗೂ 0.34ರ ಪ್ರೊಸಿಯಾನ್‌ನೊಂದಿಗೂ, ಅವು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವಾಗ ಹೋಲಿಸಿ, ದಿನಾಂಕ, ವೇಳೆ, ಅಂದಾಜು ಕಾಂತಿಮಾನ ಬರೆದಿಡಿ. 1911ರಲ್ಲಿ ಹುಟ್ಟಿದ ಅಮೆರಿಕದ ಚರತಾರಾ ವೀಕ್ಷಕರ ಸಂಘ ಇಂಥ ಬರಿಗಣ್ಣಿನ ಅಂದಾಜುಗಳನ್ನು ಯಾವ ದೇಶದಿಂದ ಬಂದರೂ ತನ್ನ ದಾಖಲೆಗೆ ಸೇರಿಸಿಕೊಳ್ಳುತ್ತದೆ.